ಹೂವೂ ಅಲುಗದಂತೆ

ಅಂದಾನೆಪ್ಪನ ಬಾಯಿಗೆ ಸಿಕ್ಕವರಿಗೆ ಬಸ್ಸು ತಪ್ಪುವುದು ಖಾತ್ರಿ. ಬ್ಯಾಡಗಿಯ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಸಣ್ಣ ಅಚ್ಚುಕೂಟ ಇದೆ. ಕೆಲಸವಿಲ್ಲದ ದಿನ ಅವನು ಅದರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ರಾಣೆಬೆನ್ನೂರಿಗೆ ಹೊರಟವರನ್ನೂ ಹಾವೇರಿಗೆ ಹೊರಟವರನ್ನೂ ಭೇದಭಾವವಿಲ್ಲದೆ ತಡೆದು ಕಾಂಕ್ರೀಟಿನ ವಿಷಯ ತೆಗೆಯುತ್ತಾನೆ. ಊರಿನಲ್ಲಿ ಅವನಿಗೆ 'ಕೊರಿಯೋ ಅಂದಾನಿ' ಅಂತಲೇ ಹೆಸರು. ಹೊರಗಿನವರು ಅದನ್ನು ಉದ್ಯೋಗದಿಂದ ಬಂದ ಹೆಸರು ಎಂದುಕೊಳ್ಳುತ್ತಾರೆ. ಸುರಂಗದ ಕೆಲಸಗಳಲ್ಲಿ ಕಾಂಕ್ರೀಟ್ ಕೊರೆಯುವುದು, ಕೊಯ್ಯುವುದು ಅವನ ಉದ್ಯೋಗ, ಅದು ನಿಜ. ಆದರೆ ಹೆಸರಿಟ್ಟವನು ನಾನು. ಇಡುವಾಗ ಅವನ ಮಷೀನು ನನ್ನ ತಲೆಯಲ್ಲಿ ಇರಲಿಲ್ಲ. ಅವನು ಕೊರೆಯುತ್ತಿದ್ದದ್ದು ನನ್ನ ತಲೆಯನ್ನೇ.

ಅವನ ಎದುರು 'ಒಡೆಯುವುದು' ಎಂಬ ಶಬ್ದ ಬಳಸಬಾರದು. ಒಮ್ಮೆ ಮೆಣಸಿನಕಾಯಿ ಪೇಟೆಯ ಹಮಾಲನೊಬ್ಬ, ಪಾಪ, ಗೊತ್ತಿಲ್ಲದೆ ಕೇಳಿಬಿಟ್ಟ.

"ಅಣ್ಣಾರ, ಈಗ ಎಲ್ಲಿ ಗ್ವಾಡಿ ಒಡಿಯಾಕತ್ತೀರಿ?"

"ಒಡಿಯಾವ್ರು ಬ್ಯಾರೆ ಅದಾರ, ತಮ್ಮಾ. ನಾ ಕೊಯ್ಯಾಂವ. ಒಡದ್ರ ಚೂರ ಆಗ್ತಾವು, ಕೊಯ್ದ್ರ ತುಂಡ ಆಗ್ತಾವು. ಚೂರಿಗೂ ತುಂಡಿಗೂ ಏನ್ ಫರಕ್ ಐತಿ ಗೊತ್ತೈತೇನು? ಕುಂದ್ರು, ಹೇಳ್ತೇನಿ."

ಹಮಾಲ ಕೂತ. ಅವನ ಕೈಗಾಡಿಯ ಮೆಣಸಿನಕಾಯಿ ಚೀಲಗಳು ಬೀದಿಯಲ್ಲಿ ಕೂತವು. ಗಾಳಿ ಬಂದಾಗಲೆಲ್ಲ ಘಾಟಿಗೆ ನಾವೆಲ್ಲ ಸೀನಿದೆವು; ಅಂದಾನೆಪ್ಪ ಮಾತ್ರ ನಿಲ್ಲಿಸಲಿಲ್ಲ.

ಕೆಲಸ ಅವನು ಹೇಳುವಷ್ಟು ಕಷ್ಟದ್ದಲ್ಲ, ನಾವು ಅಂದುಕೊಂಡಷ್ಟು ಸುಲಭದ್ದೂ ಅಲ್ಲ. ಸುರಂಗ ತೋಡುವ ಕಡೆ ಹಳೆಯ ಕಾಂಕ್ರೀಟು ಅಡ್ಡ ಬರುತ್ತದೆ, ಅಥವಾ ಹೊಸದನ್ನೇ ಯಾರೋ ತಪ್ಪು ಜಾಗದಲ್ಲಿ ಸುರಿದಿರುತ್ತಾರೆ. ಮದ್ದು ಇಟ್ಟು ಹಾರಿಸಿದರೆ ಮೇಲಿನ ಗುಡ್ಡ ಕೆಳಗೆ ಬರಬಹುದು. ಗಡಗಡ ಎನ್ನುವ ಬ್ರೇಕರ್ ಹಚ್ಚಿದರೆ ಅಕ್ಕಪಕ್ಕದ್ದೆಲ್ಲ ಬಿರುಕು ಬಿಡುತ್ತದೆ. ಆಗ ಅಂದಾನೆಪ್ಪನಿಗೆ ಕರೆ ಬರುತ್ತದೆ. ಅವನು ಕಾಂಕ್ರೀಟಿನಲ್ಲಿ ತೂತು ಕೊರೆದು, ಅದರೊಳಗಿಂದ ಒಂದು ತಂತಿ ತೂರಿಸಿ, ಕುಣಿಕೆಯಂತೆ ಸುತ್ತ ಹಾಕಿ, ಗಾಲಿಗಳ ಮೇಲಿಂದ ಮಷೀನಿಗೆ ಸೇರಿಸುತ್ತಾನೆ. ಮೇಲಿನಿಂದ ನೀರು ಬಿಡುತ್ತಾರೆ, ತಂತಿ ಓಡುತ್ತದೆ, ಕಾಂಕ್ರೀಟು ಅಲುಗಾಡದೆ ಎರಡಾಗುತ್ತದೆ. ಹಿಂದೆ ಕಿರಾಣಿ ಅಂಗಡಿಯಲ್ಲಿ ಬಟ್ಟೆ ತೊಳೆಯುವ ಉದ್ದನೆಯ ಸಾಬೂನನ್ನು ದಾರದಿಂದ ಕೊಯ್ದು ಕೊಡುತ್ತಿದ್ದರಲ್ಲ, ಅದೇ ವಿದ್ಯೆ. ಇಲ್ಲಿ ದಾರಕ್ಕೆ ಮಣಿಗಳಿವೆ, ಮಣಿಗಳಿಗೆ ವಜ್ರದ ಹುಡಿ ಹಚ್ಚಿದೆ, ಅಷ್ಟೇ ವ್ಯತ್ಯಾಸ.

ಆ ವಜ್ರದ ಹುಡಿಯಿಂದ ಅವನ ಸಂಸಾರಕ್ಕೆ ಆದ ತೊಂದರೆ ಅಷ್ಟಿಷ್ಟಲ್ಲ. ಅಂದಾನೆಪ್ಪನ ಹತ್ತಿರ ವಜ್ರದ ಸರ ಇದೆ ಅಂತ ಅವನ ಹುಟ್ಟೂರು ಕರ್ಜಗಿಯಿಂದ ಹೆಂಡತಿಯ ತವರು ಅಗಡಿಯವರೆಗೆ ಸುದ್ದಿ. ಪುಷ್ಪಾವತಿ ಮದುವೆ ಮುಂಜಿಗೆ ಹೋದರೆ ಹೆಂಗಸರು ಮೊದಲು ಅವಳ ಕೊರಳು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಅವಳೂ ಕಡಿಮೆಯವಳಲ್ಲ. "ವಜ್ರದ ಸರ ಖರೇನ ಐತ್ರಿ. ಹೆಂಡ್ತಿ ಕೊಳ್ಳಾಗ ಹಾಕೂದು ಬಿಟ್ಟು ನಮ್ಮನಿಯವ್ರು ಮಂದಿ ಗ್ವಾಡಿ ಕೊಳ್ಳಾಗ ಹಾಕ್ತಾರ" ಎಂದು ನಗಿಸುತ್ತಾಳೆ. ಸವೆದು ಹೋದ ತಂತಿಯೊಂದನ್ನು ಅವನು ಮನೆಗೆ ತಂದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದಳು. ವಜ್ರದ ಸರದ ಮೇಲೆ ಲಂಗೋಟಿ ಒಣಗುವ ಮನೆ ನಮ್ಮ ಜಿಲ್ಲೆಯಲ್ಲಿ ಅದೊಂದೇ ಇರಬೇಕು.

ಇನ್ನು ಅವನ ಕೈಯ ವಿಷಯ. ಅದನ್ನು ನಗಾಡುತ್ತ ಹೇಳಲು ನನಗೆ ಆಗುವುದಿಲ್ಲ.

ಕೊಯ್ಯುವುದನ್ನು ಕಲಿಯುವ ಮೊದಲು ಅವನೂ ಒಡೆಯುವವನೇ ಆಗಿದ್ದ. ಮೀಸೆ ಮೂಡುವ ವಯಸ್ಸಿನಿಂದ ಬ್ರೇಕರ್ ಹಿಡಿದು, ಹುಬ್ಬಳ್ಳಿಯ ರಸ್ತೆಗಳಿಂದ ಹಿಡಿದು ಕೊಂಕಣದ ಬೆಟ್ಟಗಳವರೆಗೆ ಒಡೆಯುತ್ತ ಹೋದ. ಆ ನಡುಕ ಮಷೀನಿನಿಂದ ಅವನ ಕೈಗೆ ಇಳಿಯಿತು, ಇಳಿದದ್ದು ಹೊರಗೆ ಹೋಗಲಿಲ್ಲ. ತಂತಿಯ ಮಷೀನು ಕಲಿತ ಮೇಲೆ ಬ್ರೇಕರ್ ಮುಟ್ಟಿಲ್ಲ. ಆದರೂ ಈಚೆಗೆ ನಡುಕ ಹೆಚ್ಚಾಗಿತ್ತು. ಮಷೀನಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದರೆ ಕೈ ಸುಮ್ಮನಿರುತ್ತದೆ. ಬಿಟ್ಟ ಕೂಡಲೇ ಶುರು. ಚಹಾ ಕಪ್ಪು ತುಂಬಿದ್ದರೆ ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಬೆಳಗ್ಗೆ ಬಾಗಿಲ ಹಿಂದೆ ನಿಲ್ಲಿಸಿಕೊಂಡು ಪುಷ್ಪಾವತಿ ಗುಂಡಿ ಹಾಕಿ ಕಳಿಸುತ್ತಿದ್ದಳು. ಊರಿನ ಮುಂದೆ ಅವನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲೇ ಇರುತ್ತಿದ್ದವು. ಅವನು ಅಷ್ಟೊಂದು ಮಾತಾಡುವುದು ಜನ ಬಾಯಿ ನೋಡಲಿ, ಕೈ ನೋಡದಿರಲಿ ಅಂತ ಇರಬಹುದೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಗೊತ್ತಿದ್ದವರು ಪುಷ್ಪಾವತಿ, ಅವನ ಜೊತೆ ಮಷೀನಿಗೆ ನೀರು ಬಿಡುವ ರಫೀಕ್, ಮತ್ತೆ ನಾನು.

ದೂರದ ಸೈಟಿನಲ್ಲಿ ನೂರಾರು ಜನರ ಜೊತೆ ಉಣ್ಣಬೇಕು, ಮಲಗಬೇಕು. ಅಲ್ಲಿ ಕೈ ಎಷ್ಟು ದಿನ ಜೇಬಿನಲ್ಲಿ ಇರುತ್ತದೆ? ಕಂಪನಿಯ ಡಾಕ್ಟರು ಒಮ್ಮೆ ನೋಡಿದರೆ ಕೆಲಸ ಮುಗಿಯಿತು. ಅದಕ್ಕೇ ರಜೆ ಅಂತ ಮನೆಗೆ ಬಂದವನು ತಿರುಗಿ ಹೋಗುವ ಮಾತೇ ಎತ್ತದೆ ನನ್ನ ಬಾಗಿಲಲ್ಲಿ ಕೂತಿದ್ದ. ಪುಷ್ಪಾವತಿ ಒಂದು ದಿನ ನನ್ನ ಹತ್ತಿರ ಬಿಚ್ಚಿಯೇ ಹೇಳಿದಳು: "ಪ್ರೇಮಣ್ಣಾ, ಇಲ್ಲೇ ಎಲ್ಲಾದ್ರೂ ಬಸ್ಸಿನ ದಾರಿಯೊಳಗ ಒಂದ್ ಕೆಲಸ ಸಿಕ್ಕರ ನಾ ಗುಂಡಿ ಹಾಕಿ ಕಳಸ್ತೇನಿ. ದೂರ ಹ್ವಾದ್ರ ಇವ್ರ ಗುಂಡಿ ಯಾರ ಹಾಕ್ತಾರ?"

ಆ ಕೆಲಸ ಸಿಕ್ಕಿತು. ಕದರಮಂಡಲಗಿ ದಾಟಿ ಒಳಗೆ ಹೋದರೆ ಒಂದು ಕುಳ್ಳು ಗುಡ್ಡ, ಅದರ ಬುಡದಲ್ಲಿ ಒಂದು ಸಣ್ಣ ಊರು. ಕಾಲುವೆಯ ನೀರು ಹಾಯಿಸಲು ಗುಡ್ಡದೊಳಗೆ ಸುರಂಗ ತೋಡಲು ಹೊರಟಿದ್ದರು. ಹಾವೇರಿಯ ಹುಡುಗ ಯುವರಾಜ ಅಲ್ಲಿ ಇಂಜಿನಿಯರು. ಸುರಂಗದ ಬಾಯಿ ಎಲ್ಲಿ ತೆರೆಯಬೇಕೋ ಅದರ ನೆತ್ತಿಯ ಮೇಲೆಯೇ ಗುಡ್ಡದ ದುರ್ಗವ್ವ ಕೂತಿದ್ದಳು. ದುರ್ಗವ್ವ ಸಣ್ಣ ಕಲ್ಲು, ಹಿತ್ತಾಳೆಯ ಮುಖ. ಅವಳು ಕೂತ ಕಟ್ಟೆ ಮಾತ್ರ ರಾಕ್ಷಸಾಕಾರ. ಊರಿನವರು ಹಿಂದೊಮ್ಮೆ ಭಕ್ತಿ ಉಕ್ಕಿ ಸಿಕ್ಕಷ್ಟು ಸಿಮೆಂಟು ಸಿಕ್ಕಷ್ಟು ಸರಳು ಹಾಕಿ ಕಟ್ಟಿದ್ದರು. ಅದು ದೇವಿಯ ಕಟ್ಟೆಯೋ ಆಣೆಕಟ್ಟೋ ಎಂದು ಯುವರಾಜನಿಗೆ ಮೊದಲ ದಿನವೇ ಸಂಶಯ ಬಂದಿತ್ತು.

ಅಂದಾನೆಪ್ಪ ಹೋಗಿ ಕಟ್ಟೆಯನ್ನು ಸುತ್ತು ಹಾಕಿ ಬಂದ. ದೇವಿಯನ್ನು ಎಬ್ಬಿಸುವುದೇ ಬೇಡ. ಕಟ್ಟೆಯನ್ನು ಬುಡದಲ್ಲಿ ಕೊಯ್ದು, ಕೂತಲ್ಲೇ ಕ್ರೇನಿನಿಂದ ಎತ್ತಿ, ಪಕ್ಕದ ಬೇವಿನ ಗಿಡದ ಕೆಳಗೆ ಇಡೋಣ ಎಂದ. ಇಷ್ಟಾದರೆ ಸುರಂಗ ಮುಗಿಯುವವರೆಗೆ ಅಲ್ಲೇ ಕೊಯ್ಯುವ ಕೆಲಸ ಇರುತ್ತದೆ. ಪುಷ್ಪಾವತಿಗೆ ಹಬ್ಬ. ನನಗೂ ಖುಷಿ, ಅವನು ಗುಡ್ಡಕ್ಕೆ ಹೋದರೆ ನನ್ನ ಬಾಗಿಲು ಬಿಡುಗಡೆ. ಆ ಖುಷಿಯಲ್ಲಿ ಅವನಿಗೆ ಪುಕ್ಕಟೆ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಕೊಟ್ಟೆ. ಹೆಸರಿನ ಕೆಳಗೆ ಒಂದು ಸಾಲು ಬೇಕಲ್ಲ? ನನ್ನ ಜೀವಮಾನದಲ್ಲಿ ಬರೆದ ಅತ್ಯುತ್ತಮ ಸಾಲು ಅದು ಅಂತ ಈಗಲೂ ಹೇಳುತ್ತೇನೆ:

'ಹೂವೂ ಅಲುಗದಂತೆ ಕಾಂಕ್ರೀಟ್ ಕೊಯ್ಯಲಾಗುವುದು.'

ಕಾರ್ಡನ್ನು ಅವನು ಊರೂರಿಗೆ ಹಂಚಿದ. ಒಂದು ಕಾರ್ಡು ಗುಡ್ಡದ ಬುಡದ ಊರಿನ ಹಿರಿಯ ಹೇಮಪ್ಪನ ಕೈಗೂ ಹೋಯಿತು.

ಹೇಮಪ್ಪನಿಗೆ ಸುರಂಗದ ಮೇಲೆ ಸಿಟ್ಟಿರಲಿಲ್ಲ, ನೀರಿನ ಮೇಲೂ ಇರಲಿಲ್ಲ. ಭೂಮಿಪೂಜೆಯ ದಿನ ತೆಂಗಿನಕಾಯಿ ಒಡೆಯಲು ತನ್ನನ್ನು ಕರೆಯದೆ ಬೇರೆ ಯಾರನ್ನೋ ಕರೆದರು ಎಂಬುದೊಂದೇ ಸಿಟ್ಟು. ನಮ್ಮ ಕಡೆ ಒಂದು ಕಾಯಿಯ ಸಿಟ್ಟು ಸುಮ್ಮನೆ ಆರುವುದಿಲ್ಲ. ಕಟ್ಟೆ ಕೊಯ್ಯುವ ಮಾತು ಬಂದಾಗ ಊರಿನವರು ಅವ್ವನ ಪ್ರಸಾದ ಕೇಳಬೇಕು ಎಂದರು. ಅದು ಅಲ್ಲಿಯ ಪದ್ಧತಿ: ದೇವಿಯ ಎರಡೂ ಭುಜದ ಸೀರೆಯ ಮೇಲೆ ಒದ್ದೆ ಕಣಗಿಲ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ಅವ್ವನಿಗೆ ಮನಸ್ಸಿಲ್ಲ. ಪೂಜೆ ಮಾಡುವ ಮುದುಕಿ ರೇಣುಕವ್ವ, "ಮುಂದ ಹಚ್ಚಿಟ್ಟ ದೀಪ ಉರಿಯೂ ತನಕಾ ಕೇಳಬೌದು. ದೀಪ ಆರಿದ ಮ್ಯಾಲೆ ಆಕಿ ಮಾತಾಡಂಗಿಲ್ಲ" ಎಂದು ನಿಯಮ ಹೇಳಿದಳು.

ಅಷ್ಟರಲ್ಲಿ ಹೇಮಪ್ಪ ಎದ್ದು ನಿಂತು ಕಾರ್ಡು ತೆಗೆದ. ಕನ್ನಡಕ ಹಾಕಿಕೊಂಡು, ಶಾಲೆಯ ಹುಡುಗನಂತೆ ಗಟ್ಟಿಯಾಗಿ ನನ್ನ ಸಾಲನ್ನು ಓದಿದ.

"ಹೂವೂ ಅಲುಗದಂತೆ ಅಂತ ಛಾಪಿಸ್ಯಾರ. ಛಲೋ ಆತು. ಅವ್ವನ ಮ್ಯಾಲೆ ಹೂ ಇದ್ದಾಗನ ಮಷೀನ್ ಹಚ್ಚಿ ಕಟ್ಟಿ ಒಂದ್ ಮೂಲಿ ಕೊಯ್ದು ತೋರಸ್ಲಿ. ಮಷೀನ್ ನಡದಾಗ ಹೂ ಬಿತ್ತಂದ್ರ ಇದು ಅಲುಗೂ ಮಷೀನ್. ನಾಳೆ ನಮ್ಮ ಮನಿ ಮಣ್ಣಿನ ಗ್ವಾಡಿ ಬೀಳ್ತಾವು, ಬ್ಯಾಡ. ಹೂ ಬೀಳಲಿಲ್ಲಂದ್ರ ಅವ್ವಗ ಮನಸಿಲ್ಲ. ಬ್ಯಾಡ."

ಜನ ತಲೆ ಅಲ್ಲಾಡಿಸಿದರು. ನ್ಯಾಯವಾಗಿದೆ ಎಂದರು. ಅಂದಾನೆಪ್ಪನೂ ಉಬ್ಬಿ, "ಆಗ್ಲಿ ಕಾಕಾ, ಬರೂ ಮಂಗಳವಾರನ ತೋರಸ್ತೇನಿ" ಎಂದುಬಿಟ್ಟ. ಹೂ ಬಿದ್ದರೂ ಸೋಲು, ಬೀಳದಿದ್ದರೂ ಸೋಲು ಎಂಬುದು ಅವನಿಗೆ ಹೊಳೆದದ್ದು ವಾಪಸ್ಸು ಬರುವ ಬಸ್ಸಿನಲ್ಲಿ. ಸೀದಾ ಅಚ್ಚುಕೂಟಕ್ಕೆ ಬಂದು ನನ್ನ ಮೇಲೆ ಬಿದ್ದ.

"ಲೇ ಪ್ರೇಮ್ಯಾ, ನಿನಗ ಬ್ಯಾರೆ ಏನೂ ಸಿಗಲಿಲ್ಲೇನು? ಕಲ್ಲ ಅಲುಗದಂತೆ ಅಂತ ಬರದಿದ್ರ ನಿನ್ನ ಗಂಟ ಹೋಗ್ತಿತ್ತೇನು?"

ಸಾಲಿನ ಲಯ ಕೆಡುತ್ತಿತ್ತು ಎಂದೆ. ಅವನು ಜೇಬಿನಿಂದ ಕೈ ತೆಗೆದು ನನ್ನ ಮೇಜಿನ ಮೇಲೆ ಗುದ್ದಿದ. ಆ ಕೋಪದಲ್ಲೂ ಕೂಡಲೇ ಕೈ ಜೇಬಿಗೆ ಹಾಕಿಕೊಂಡದ್ದನ್ನು ನೋಡಿ ನನಗೆ ತಮಾಷೆ ಮಾಡುವ ಮನಸ್ಸು ಹೋಯಿತು.

ಮಂಗಳವಾರ ಅವನ ಜೊತೆ ನಾನೂ ಹೋದೆ, ಪುಷ್ಪಾವತಿಯೂ ಬಂದಳು. ಇಡೀ ಊರು ಗುಡ್ಡ ಹತ್ತಿತ್ತು. ಯುವರಾಜ ನಮ್ಮನ್ನು ಮಷೀನಿನ ಹಿಂದೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

"ಅಂದಾನೆಪ್ಪನವರ, ಮ್ಯಾಲಿನವ್ರು ಇವತ್ತಿಗೆ ಮುಗಸ್ರಿ ಅಂದಾರ. ಇಲ್ಲಂದ್ರ ಸುರಂಗದ ಬಾಯಿ ಬ್ಯಾರೆ ಕಡೆ ತಗೀತಾರ, ಈ ಮಷೀನು ನೀವು ಇಬ್ರೂ ನಾಳಿ ಲಾರಿಯೊಳಗ ಉತ್ತರದ ಕಡೆ ಸೈಟಿಗೆ. ಸಿಟ್ಟಾಗಬ್ಯಾಡ್ರಿ, ಒಂದ್ ಮಾತ ಹೇಳ್ತೇನಿ. ಬಲಗಡೆ ಗಾಲಿ ಒಂದೀಟು ಸಡ್ಲ ಬಿಡ್ರಿ. ತಂತಿ ಕುಣದು ಬಲಗಡೆ ಹೂ ಬೀಳ್ತೈತಿ."

"ಮಷೀನ್ ಅಲುಗಿತು ಅಂತಾನ್ರೀ ಹೇಮಪ್ಪ ಕಾಕಾ."

"ಅಂದ್ರ ಅನ್ಲಿ ಬಿಡ್ರಿ. ಬಲಗಡೆ ಹೂ ಬಿದ್ದ ಮ್ಯಾಲೆ ಮಂದಿ ಅವ್ವನ ಮಾತ ಕೇಳ್ತಾರೋ, ಹೇಮಪ್ಪನ ಮಾತ ಕೇಳ್ತಾರೋ?"

ಹುಡುಗ ಬುದ್ಧಿವಂತ. ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ಪುಷ್ಪಾವತಿ ಗಂಡನ ಮುಖ ನೋಡಿದಳು. ಅವಳ ಮುಖದಲ್ಲಿ 'ಹೂಂ ಅನ್ರಿ' ಎಂದು ಬರೆದಿತ್ತು. ಗಾಲಿ ಒಂದು ಎಳೆ ಸಡಿಲಾದರೆ ಗಂಡ ಮನೆಯಲ್ಲಿ ಉಳಿಯುತ್ತಾನೆ.

ಅಂದಾನೆಪ್ಪ ಬಗ್ಗಿ ಬಲಗಡೆಯ ಗಾಲಿ ಬಿಗಿಯಾಗಿದೆಯೇ ಎಂದು ನೋಡಿದ.

"ಕುಣಿಯೂ ತಂತಿ ಹರದು ಬಿದ್ರ ನಿಂತ ಮಂದಿ ಮ್ಯಾಲೆ ಬೀಳ್ತೈತ್ರಿ ಸಾಹೇಬ್ರ. ಅದೂ ಹೋಗ್ಲಿ. ಅಲುಗೂದು ಅಂದ್ರ ಏನು ಅಂತ ನನ್ನ ಕೈಗೆ ಗೊತ್ತೈತಿ. ನಾ ಒಲ್ಲೆ."

ಪುಷ್ಪಾವತಿ ಸೆರಗು ಕೊಡವಿಕೊಂಡು ಹೆಂಗಸರ ಸಾಲಿಗೆ ಹೋಗಿ ನಿಂತಳು. ಸಿಟ್ಟು ಬಂದಿತ್ತು. ನನಗೂ ಬಂದಿತ್ತು. ಇಷ್ಟು ದಿನ ತಲೆ ತಿಂದವನು ಈಗ ಸಂಸಾರವನ್ನೂ ತಿನ್ನುತ್ತಾನೆ ಅನ್ನಿಸಿತು.

ರೇಣುಕವ್ವ ದೀಪ ಹಚ್ಚಿ, ಎರಡು ಕೆಂಪು ಕಣಗಿಲ ಹೂ ನೀರಿನಲ್ಲಿ ಅದ್ದಿ, ದೇವಿಯ ಹಸಿರು ಸೀರೆಯ ಮೇಲೆ ಒಂದು ಈ ಭುಜಕ್ಕೆ, ಒಂದು ಆ ಭುಜಕ್ಕೆ ಒತ್ತಿದಳು. ಎಲ್ಲರ ಉಸಿರು ನಿಂತಿತ್ತು. ಸರಿಯಾಗಿ ಆಗಲೇ ಹೇಮಪ್ಪ ಮುಖ ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲ್ಲು ಕೊಡವಿದ. ಅವನು ಬೆಳಗ್ಗೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕಿ ಬಂದವನು. ಟವೆಲ್ಲಿನ ತುಂಬ ಘಾಟು. ಮಷೀನಿನ ಪಕ್ಕ ನೀರಿನ ಪೈಪು ಹಿಡಿದಿದ್ದ ರಫೀಕ್ ಜೋರಾಗಿ ಒಂದು ಸೀನು ಸೀನಿದ.

ಊರೆಲ್ಲ ಅವನ ಕಡೆ ತಿರುಗಿತು. ಒಂಟಿ ಸೀನು! ಒಂಟಿ ಸೀನಿಗೆ ನಮ್ಮಲ್ಲಿ ಹೊರಟವರು ಹೊಸ್ತಿಲು ದಾಟುವುದಿಲ್ಲ. ಅಂಥದ್ದರಲ್ಲಿ ದೇವಿಯ ಕಟ್ಟೆಗೆ ತಂತಿ ಹಾಕುವುದುಂಟೇ?

"ಇನ್ನೊಂದ್ ಸೀನೋ ತಮ್ಮಾ, ಜೋಡಿ ಆಗ್ಲಿ" ಎಂದು ರೇಣುಕವ್ವ ಅಂಗಲಾಚಿದಳು.

ರಫೀಕ್ ಪ್ರಯತ್ನಪಟ್ಟ. ಸೂರ್ಯನನ್ನು ನೋಡಿದ, ಮೂಗು ಉಜ್ಜಿಕೊಂಡ. ಬೇಕೆಂದಾಗ ಸೀನು ಬರುತ್ತದೆಯೇ? "ಬರವಲ್ದಬೇ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಕೊನೆಗೆ ನಾನೇ ಹೋಗಿ ಹೇಮಪ್ಪನ ಹೆಗಲಿನಿಂದ ಟವೆಲ್ಲು ಎಳೆದುಕೊಂಡು ಬಂದು ರಫೀಕನ ಮೂಗಿಗೆ ಹಿಡಿದೆ. ಎರಡನೆಯ ಸೀನು ಗುಡ್ಡಕ್ಕೆಲ್ಲ ಕೇಳಿಸಿತು. ಜನ "ಹಾಂ" ಎಂದು ಉಸಿರು ಬಿಟ್ಟರು. ಹೂಗಳು ಮಾತ್ರ ಇದ್ದಲ್ಲೇ ಇದ್ದವು.

ಅಂದಾನೆಪ್ಪ ಹಿಡಿಕೆ ಹಿಡಿದ. ತಂತಿ ಮೆಲ್ಲಗೆ ಓಡತೊಡಗಿತು, ಆಮೇಲೆ ವೇಗ ಹಿಡಿಯಿತು. ಕಟ್ಟೆಯ ಮೂಲೆಯಿಂದ ಬೂದು ಬಣ್ಣದ ರಾಡಿ ನೀರು ಇಳಿಯತೊಡಗಿತು. ಸದ್ದು ಇತ್ತು, ಇಲ್ಲವೆನ್ನಲಾರೆ. ಆದರೆ ಕಾಲ ಕೆಳಗಿನ ನೆಲ ಮಲಗಿದ ಹಾಗಿತ್ತು. ಊರಿನ ಕಣ್ಣೆಲ್ಲ ಎರಡು ಹೂಗಳ ಮೇಲೆ, ನನ್ನ ಕಣ್ಣು ಅಂದಾನೆಪ್ಪನ ಮೇಲೆ. ಹಿಡಿಕೆಯ ಮೇಲಿದ್ದ ಅವನ ಕೈ ಕಲ್ಲಿನ ಹಾಗಿತ್ತು. ಮೂಲೆ ಕೊಯ್ದು ತುಂಡು ಬೇರೆಯಾಯಿತು. ಕೊಯ್ದ ಮುಖ ಎಷ್ಟು ನುಣುಪಾಗಿತ್ತೆಂದರೆ ಒಬ್ಬ ಅಜ್ಜ ಅದರ ಮೇಲೆ ಕೈಯಾಡಿಸಿ "ಕಡಪಾ ಕಲ್ಲ ಆಗೇತಲ್ಲೋ" ಎಂದ.

ಮಷೀನು ನಿಂತಿತು. ಬಲಗಡೆಯ ಹೂ ಬಲಗಡೆಯೇ ಇತ್ತು, ಎಡಗಡೆಯ ಹೂ ಎಡಗಡೆಯೇ ಇತ್ತು.

"ಶಾಬಾಸ್! ಮಷೀನ್ ಖರೇ ಐತಿ" ಎಂದ ಹೇಮಪ್ಪ, ತನ್ನ ಟವೆಲ್ಲನ್ನು ನನ್ನಿಂದ ಕಸಿದುಕೊಳ್ಳುತ್ತ. "ಅವ್ವಗ ಮಾತ್ರ ಮನಸಿಲ್ಲ. ನಡೀರಿ, ಎಲ್ಲಾರೂ ಮನಿಗೆ ನಡೀರಿ."

ಜನ ಏಳತೊಡಗಿದರು. ಯುವರಾಜ ಫೋನು ತೆಗೆದ. ಪುಷ್ಪಾವತಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ನನ್ನ ಸಾಲು ಅಕ್ಷರಶಃ ನಿಜವಾಗಿತ್ತು, ಅದು ನಿಜವಾದದ್ದಕ್ಕೆ ನನಗೆ ಅಳು ಬರುವಂತಾಗಿತ್ತು.

"ಅಂದಾನೆಪ್ಪಾ" ಎಂದು ರೇಣುಕವ್ವ ಕೂಗಿದಳು. "ದೀಪ ಇನ್ನೂ ಐತಿ. ಅಲ್ಲೋ, ಇಷ್ಟೊತ್ತು ನಿನ್ನ ಮಷೀನ್ ಕೇಳ್ತು. ನೀ ಕೇಳಿದೇನು?"

ಅವನು ಕಕ್ಕಾಬಿಕ್ಕಿಯಾದ. ಹೌದಲ್ಲ, ಎಲ್ಲರಿಗೂ ಎಲ್ಲವನ್ನೂ ಹೇಳಿದವನು ಅವ್ವನಿಗೆ ಒಂದು ಮಾತು ಹೇಳಿರಲಿಲ್ಲ.

"ಅಂಗಿ ತಗದು ಬಾ. ಸೆರಗ ಹಿಡದು ಕೇಳು."

ದೇವಿಯ ಹತ್ತಿರ ಗಂಡಸರು ಮೈಮೇಲೆ ಅಂಗಿ ಇಟ್ಟುಕೊಂಡು ಹೋಗುವಂತಿಲ್ಲ. ಅವನು ಅಂಗಿಯನ್ನು ಬನಿಯನ್ನಿನ ಹಾಗೆ ತಲೆಯ ಮೇಲಿಂದ ಎಳೆದು ರಫೀಕನಿಗೆ ಕೊಟ್ಟ. ಅವ್ವನ ಕೆಲಸ ಅಂತ ಅವತ್ತು ಪ್ಯಾಂಟು ಬಿಟ್ಟು ಜೇಬಿಲ್ಲದ ಪಂಚೆ ಉಟ್ಟಿದ್ದ. ಕೈ ಇಡಲು ಎಲ್ಲಿಯೂ ಜಾಗ ಇರಲಿಲ್ಲ. ಎರಡೂ ಕೈ ಚಾಚಿ, ಬಲಗಡೆ ಇಳಿಬಿದ್ದಿದ್ದ ಹಸಿರು ಸೆರಗಿನ ತುದಿ ಹಿಡಿದ. ಬಾಯಿ ತೆರೆದ. ಮಾತು ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಅಷ್ಟು ಜನರ ತಲೆ ಕೊರೆದವನಿಗೆ ಅಲ್ಲಿ ಒಂದು ಶಬ್ದ ಸಿಗಲಿಲ್ಲ. ತುಟಿ ಮಾತ್ರ "ಯವ್ವಾ... ಯವ್ವಾ..." ಎನ್ನುತ್ತಿತ್ತು.

ಕೈ ನಡುಗುತ್ತಿತ್ತು. ಹಿಡಿಕೆ ಇರಲಿಲ್ಲ, ಜೇಬಿರಲಿಲ್ಲ, ಮಾತೂ ಇರಲಿಲ್ಲ. ಆ ನಡುಕ ಸೆರಗಿಗೆ ಹೋಯಿತು, ಸೆರಗಿನ ನೆರಿಗೆಗಳಲ್ಲಿ ಮೇಲೆ ಹತ್ತಿತು. ಬಲ ಭುಜದ ಕಣಗಿಲ ಹೂ ಒಮ್ಮೆ ವಾಲಿತು, ಇನ್ನೊಮ್ಮೆ ವಾಲಿತು, ಜಾರಿ ಅವನ ಮಣಿಕಟ್ಟಿನ ಮೇಲೆ ಬಿತ್ತು.

ಜಯಕಾರ ಮುಗಿಲು ಮುಟ್ಟಿತು. ಅದರ ನಡುವೆ ಹೇಮಪ್ಪ ಕುಣಿದಾಡತೊಡಗಿದ. "ಏ, ನಡಿಯಂಗಿಲ್ಲ! ಅಂವನ ಕೈ ನೋಡ್ರಿ! ಕೈ ನಡಗಾಕತ್ತಾವು, ಅದಕ್ಕ ಬಿತ್ತು!"

ಆಗ ಊರೆಲ್ಲ ಅವನ ಕೈ ನೋಡಿತು. ಅಷ್ಟು ವರ್ಷ ಮುಚ್ಚಿಟ್ಟುಕೊಂಡದ್ದು ಎಲ್ಲರ ಎದುರು ಹೂ ಹಿಡಿದುಕೊಂಡು ನಡುಗುತ್ತಿತ್ತು. ಯುವರಾಜನೂ ನೋಡಿದ. ಅಂದಾನೆಪ್ಪ ತಲೆ ತಗ್ಗಿಸಿದ.

ಪುಷ್ಪಾವತಿ ಕಲ್ಲಿನಿಂದ ಎದ್ದು ಬಂದಳು. "ಹೌದ್ರಿ ಕಾಕಾ, ನಡಗ್ತಾವು. ಮೊದ್ಲ ಮಂದಿ ಕಲ್ಲ ಒಡದು ಒಡದು ಹಿಂಗಾಗ್ಯಾವು. ಇವತ್ತ ಗಾಲಿ ಸಡ್ಲ ಬಿಟ್ಟಿದ್ರ ಹೂ ಅವಾಗನ ಬೀಳ್ತಿತ್ತು. ನಿಮ್ಮ ಗ್ವಾಡಿ ಅಲುಗಬಾರದು ಅಂತ ಇವ್ರು ಬಿಡಲಿಲ್ಲ. ನಾ ಅದಕ್ಕ ಇವ್ರ ಮ್ಯಾಲೆ ಸಿಟ್ಟಾಗಿ ಕುಂತಿದ್ದೆ. ಈಗ ನೀವೂ ಸಿಟ್ಟಾಗ್ರಿ."

ಹೇಮಪ್ಪ ಏನೋ ಹೇಳಲು ಹೋದ. ರೇಣುಕವ್ವ ಆರದ ದೀಪ ತೋರಿಸಿದಳು.

"ಹೇಮಪ್ಪಾ, ಮಷೀನ್ ಅಲುಗಬಾರದು ಅಂದಿ, ಅಲುಗಲಿಲ್ಲ. ಮನಶ್ಯಾ ಅಲುಗಬಾರದು ಅಂತ ಯಾವಾಗ ಅಂದಿ?"

ಮೊದಲು ಆ ಕಡಪಾ ಕಲ್ಲಿನ ಅಜ್ಜ ನಕ್ಕ. ಆಮೇಲೆ ಹೆಂಗಸರು, ಆಮೇಲೆ ಇಡೀ ಗುಡ್ಡ. ಹೇಮಪ್ಪ ನಗಲಿಲ್ಲ. ನಡುಗುವ ಆ ಕೈಗಳನ್ನೇ ನೋಡುತ್ತ ನಿಂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಕಣ್ಣಿಗೆ ಮೆಣಸಿನ ಘಾಟು ಹೋಯಿತು ಎಂದು ಬೈದುಕೊಂಡ. ನಾನು ನಂಬಿದ ಹಾಗೆ ಮಾಡಿದೆ.

ರಫೀಕ್ ಅಂಗಿ ತಂದು ಕೊಟ್ಟ. ಅಂದಾನೆಪ್ಪ ಅದನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ಹೋದರೆ ಪುಷ್ಪಾವತಿ ತಡೆದಳು. ಅವಳೇ ಗುಂಡಿ ಬಿಚ್ಚಿ, ತೋಳು ತೊಡಿಸಿ, ಬಾಗಿಲ ಹಿಂದೆ ಮಾಡುತ್ತಿದ್ದ ಕೆಲಸವನ್ನು ಊರ ಮುಂದೆ ನಿಂತು, ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಗುಂಡಿಯಾಗಿ ಮಾಡಿದಳು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಂದಾನೆಪ್ಪನ ಕಿವಿ ಆ ಕಣಗಿಲ ಹೂವಿಗಿಂತ ಕೆಂಪಗಾಗಿತ್ತು. ಯುವರಾಜ ಫೋನು ಜೇಬಿಗೆ ಇಟ್ಟುಕೊಂಡು, "ಅಂದಾನೆಪ್ಪನವರ, ಹಿಡಿಕಿ ಮ್ಯಾಲೆ ನಿಮ್ಮ ಕೈ ಹೆಂಗಿತ್ತು ಅಂತ ನಾ ನೋಡೇನಿ. ನಾಳಿ ಲಗೂ ಬರ್ರಿ, ಬುಡಕ್ಕ ತಂತಿ ಹಾಕೂಣು" ಎಂದ. ಅಷ್ಟೇ ಹೇಳಿದ, ಸಾಕಾಯಿತು.

ಕಟ್ಟೆ ಕೊಯ್ದದ್ದಾಯಿತು. ದುರ್ಗವ್ವ ದೀಪ, ಗಂಟೆ ಸಮೇತ ಗಾಳಿಯಲ್ಲಿ ತೇಲಿ ಹೋಗಿ ಬೇವಿನ ಗಿಡದ ನೆರಳಲ್ಲಿ ಕೂತಳು. ಕ್ರೇನಿನವನಿಗೆ ಆಚೆ ಈಚೆ ಎಂದು ಹೇಳಿದ್ದು ಹೇಮಪ್ಪ. ಕೊನೆಗೆ ಕಾಯಿಯನ್ನೂ ಅವನ ಕೈಗೇ ಕೊಟ್ಟರು. ಎಷ್ಟು ಜೋರಾಗಿ ಒಡೆದನೆಂದರೆ ಒಂದು ಹೋಳು ನನ್ನ ಮೊಣಕಾಲಿಗೆ ಬಂದು ಬಡಿಯಿತು. "ನೋಡಿದ್ಯಾ, ಒಡದ್ರ ಹಿಂಗ" ಎಂದ ಅಂದಾನೆಪ್ಪ ನನ್ನ ಕಿವಿಯಲ್ಲಿ.

ಈಗ ಸುರಂಗ ಗುಡ್ಡದೊಳಗೆ ಸಾಕಷ್ಟು ದೂರ ಹೋಗಿದೆ. ಅವನು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾನೆ, ಗುಂಡಿಗಳೆಲ್ಲ ಸರಿಯಾಗಿರುತ್ತವೆ. ನನ್ನ ಬಾಗಿಲಿಗೆ ಬಿಡುಗಡೆ ಸಿಗುತ್ತದೆ ಅಂತ ನಾನು ಹಾಕಿದ ಲೆಕ್ಕ ಮಾತ್ರ ತಪ್ಪಿತು. ರಜೆಯ ದಿನ ಕುರ್ಚಿ ಮೊದಲಿನ ಜಾಗದಲ್ಲೇ ಇರುತ್ತದೆ. ಚಹಾದವನು ಕಪ್ಪು ತುಂಬ ಕೊಡುತ್ತಾನೆ, ಅರ್ಧ ನನ್ನ ಹೊಸ್ತಿಲಿಗೆ ಚೆಲ್ಲುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ಮೊದಲು ಬಾಯಿಯಿಂದ ಮಾತ್ರ ಕೊರೆಯುತ್ತಿದ್ದವನು ಈಗ ಎರಡೂ ಕೈ ಹೊರಗೆ ತೆಗೆದು, ಗಾಳಿಯಲ್ಲಿ ಕಟ್ಟೆ ಬರೆದು, ತಂತಿ ಸುತ್ತಿ, ಹೂ ಬೀಳಿಸಿ ತೋರಿಸುತ್ತ ಕೊರೆಯುತ್ತಾನೆ. ನಿನ್ನೆ ಪೇಟೆಗೆ ಬಂದಿದ್ದ ಹೇಮಪ್ಪ ಸಿಕ್ಕಿಬಿದ್ದಿದ್ದ. ತಾನೇ ಕಣ್ಣಾರೆ ನೋಡಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡ, ಅಂದಾನೆಪ್ಪನ ಕೈ ಜಾಸ್ತಿ ನಡುಗಿದಾಗ ಕಪ್ಪನ್ನು ತಾನೇ ಹಿಡಿದುಕೊಂಡು ಕುಡಿಸಿದ, ಅಷ್ಟರಲ್ಲಿ ಅವನ ಬಸ್ಸು ಹೋಗಿತ್ತು.